ವೆಂಕಮ್ಮನ ಹಿಂಸೊಲ್ಲು

ಕಾರ್ಗಲ್
೬ ಮೇ ೨೦೨೫

ಚಿ. ಸ್ವಪ್ನಾಳಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ಮದುವೆ ಮುಗಿದು ಎಂಟು ದಿನವಾದರೂ ನನ್ನ ಸಿಟ್ಟು ಇಳಿದಿಲ್ಲ. ಫೋನು ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ಆಡಿದ್ದು ಆಡಿ ಹೋಗುತ್ತದೆ. ಕಾಗದವಾದರೆ ಹರಿದು ಇನ್ನೊಂದು ಬರೆಯಬಹುದು. ಇದು ಮೂರನೆಯದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಲಿಖಿತಾಳ ಮದುವೆ ವಿಡಿಯೋದಲ್ಲಿ ಹಸೆಗೆ ಕರೆಯುವ ಹಾಡಿನ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆ. ಇದನ್ನು ಹೇಳಲಿಕ್ಕೇ ಬರೆಯುತ್ತಿರುವುದು.

ವೆಂಕಿ ಬರಲಿಲ್ಲ. ಒಡಹುಟ್ಟಿದ ತಂಗಿ, ನನ್ನ ಮೊಮ್ಮಗಳ ಮದುವೆಗೆ ತೀರ್ಥಹಳ್ಳಿಯಿಂದ ಸಾಗರದವರೆಗೆ ಬರಲಿಕ್ಕೆ ಮಂಡಿನೋವಂತೆ. ಮಂಡಿ ನನಗೂ ಇದೆ. ಹಸೆಹಾಡು ನಾವಿಬ್ಬರೇ ಹೇಳಬೇಕಾದದ್ದು, ಬೇರೆಯವರಿಗೆ ಬರುವುದಿಲ್ಲ. ಅಮ್ಮ ಕಲಿಸಿದ್ದೇ ಹಾಗೆ: ಮುಂಸೊಲ್ಲು ನನಗೆ, ಹಿಂಸೊಲ್ಲು ಅವಳಿಗೆ. ನಾನು ಕೇಳಿದ್ದಕ್ಕೆ ಅವಳು ಉತ್ತರ ಕಟ್ಟಬೇಕು. ನನ್ನ ಸೊಲ್ಲಿನ ಬಾಲ ಮುಗಿಯುವ ಮೊದಲೇ ಅವಳು ಹಿಡಿಯಬೇಕು, ಅವಳದು ಮುಗಿಯುವ ಮೊದಲೇ ನಾನು. ಹುಡುಗಿ ಒಳಗಿನಿಂದ ಬಂದು ಹಸೆಯ ಮೇಲೆ ಕೂರುವವರೆಗೆ ನಡುವೆ ಒಂದು ಉಸಿರಿನಷ್ಟೂ ಬಿಡುವು ಇರಬಾರದು. ಸೊಲ್ಲು ಹರಿದರೆ ಹುಡುಗಿಯ ಬಾಳು ಹರಿಯುತ್ತದೆ ಎಂದು ಅಮ್ಮ ಹೆದರಿಸುತ್ತಿದ್ದಳು. ನಲವತ್ತು ವರ್ಷ ಎಷ್ಟೋ ಮದುವೆಯಲ್ಲಿ ಹೇಳಿದ್ದೇವೆ. ಒಂದರಲ್ಲೂ ಹರಿದಿರಲಿಲ್ಲ.

ನೀನು ಬಂದು, "ದೊಡ್ಡತ್ತೆ, ಸಣ್ಣತ್ತೆ ಮನೇಲೇ ಕೂತು ಹಾಡ್ಲಿ. ನಾನು ಛತ್ರಕ್ಕೆ ತರ್ತೀನಿ. ಪಕ್ಕದಲ್ಲೇ ಕೂತಂಗೆ ಇರ್ತದೆ" ಅಂದೆ. ಹೊಸನಗರದಲ್ಲಿ ಅಂಗಡಿ ಇಟ್ಟು ಮೂರು ತಾಲ್ಲೂಕಿನ ಮದುವೆಗಳನ್ನು ಲೈವ್ ಮಾಡುವವಳು, ನನ್ನ ಅಣ್ಣನ ಮಗಳು, ಗೊತ್ತಿದ್ದೇ ಹೇಳುತ್ತಾಳೆ ಎಂದುಕೊಂಡೆ.

ಎಂತ ಆಯಿತು? ಲಿಖಿತಾ ಹೆಜ್ಜೆ ಇಟ್ಟಳು. ನಾನು ಸೊಲ್ಲು ಎತ್ತಿದೆ, ಮುಗಿಸಿದೆ. ವೆಂಕಿ ಪರದೆಯಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದ್ದಾಳೆ. ಛತ್ರವೆಲ್ಲ ಗಪ್ಪಾದ ಮೇಲೆ ಅವಳ ದನಿ ಬಂತು, ಅದೂ ಒಡಕು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ಬರಬರುತ್ತ ಇನ್ನೂ ಎಳೆದಳು. ಹುಡುಗಿ ಒಂದು ಕಾಲು ಎತ್ತಿಕೊಂಡು ನಿಂತುಬಿಟ್ಟಿತು, ಇಡಬೇಕೋ ಬೇಡವೋ ಎಂದು. ನನ್ನ ತಲೆ ಕೆಟ್ಟಿತು. "ಗಂಟ್ಲು ಹೋಗಿದ್ರೆ ಸುಮ್ನಿರೇ. ಮದ್ವೆ ಮನೇಲಿ ಸೊಲ್ಲು ಹರೀಬೇಡ" ಅಂದೆ. ಬಾಯಿ ಮುಂದೆ ನಿನ್ನ ಮೈಕು. ಛತ್ರದವರು ಕೇಳಿದರು, ಲೈವ್ ನೋಡುತ್ತಿದ್ದ ನೆಂಟರೆಲ್ಲ ಕೇಳಿದರು. ವೆಂಕಿ ಬಾಯಿ ಮುಚ್ಚಿದಳು. ಹಿಂಸೊಲ್ಲು ನನಗೆ ಬರುವುದಿಲ್ಲ. ನನ್ನ ಪಾಲಿನದ್ದನ್ನೇ ಒಂದರ ಮೇಲೊಂದು ಹೇರಿ ಮುಗಿಸಿದೆ. ಉತ್ತರವಿಲ್ಲದ ಪ್ರಶ್ನೆಗಳು.

ಆಮೇಲೆ ಅವಳು ಫೋನು ಮಾಡಿಲ್ಲ. ನಾನೂ ಮಾಡಿಲ್ಲ. ತಪ್ಪಿದವಳು ಅವಳು, ಅವಳೇ ಮಾಡಲಿ.

ಕತ್ತರಿಸಿ ತೆಗೆ.

ನಿನ್ನ ದೊಡ್ಡತ್ತೆ
ಮೂಕಮ್ಮ

*

ಹೊಸನಗರ
೧೯ ಮೇ ೨೦೨೫

ದೊಡ್ಡತ್ತೆಗೆ ಸ್ವಪ್ನಾಳ ನಮಸ್ಕಾರ.

ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆಯಲು ಕೂತೆ, ಧೈರ್ಯ ಬರಲಿಲ್ಲ. ಸಣ್ಣತ್ತೆ ತಡ ಮಾಡಲಿಲ್ಲ. ತಡ ಮಾಡಿದ್ದು ನಾನು.

ನಿಮ್ಮ ದನಿ ಸಾಗರದಿಂದ ಬಸ್ಸು ಹತ್ತಿದ ಹಾಗೆ ನೇರವಾಗಿ ತೀರ್ಥಹಳ್ಳಿಗೆ ಹೋಗುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಾರೆ. ತುಂಡುಗಳು ಎಲ್ಲೆಲ್ಲಿಯದೋ ಕಂಪ್ಯೂಟರುಗಳನ್ನು ಹಾದು ಹೋಗುತ್ತವೆ. ಕೆಲವು ಬೇಗ ಮುಟ್ಟುತ್ತವೆ, ಕೆಲವು ತಡ. ಆ ಕಡೆಯ ಫೋನು ಎಲ್ಲ ಬಂದು ಸೇರಲಿ ಎಂದು ಸ್ವಲ್ಪ ಕಾದು, ಸಾಲಾಗಿ ಜೋಡಿಸಿ ಆಮೇಲೆ ನುಡಿಸುತ್ತದೆ. ಸಣ್ಣತ್ತೆಯ ದನಿ ಬರುವಾಗಲೂ ಹಾಗೆಯೇ. ಹೋಗುವಾಗ ಒಂದು ತಡ, ಬರುವಾಗ ಇನ್ನೊಂದು.

ಅಷ್ಟೇ ಆಗಿದ್ದರೆ ಹೇಗೋ ಸುಧಾರಿಸುತ್ತಿದ್ದಿರಿ. ನಾನು ಇನ್ನೊಂದು ತಪ್ಪು ಮಾಡಿದೆ. ದನಿ ಹಗುರ, ಚಿತ್ರ ಭಾರ. ಸಣ್ಣತ್ತೆಯ ದನಿ ಮೊದಲು ಬಂದು ಬಾಯಿ ಆಮೇಲೆ ಆಡುತ್ತಿತ್ತು. ನೋಡುವವರು ನಗುತ್ತಾರೆ ಎಂದು, ಚಿತ್ರ ಬರುವವರೆಗೆ ದನಿಯನ್ನು ತಡೆದು ಹಿಡಿದೆ. ಬಾಯಿಗೂ ದನಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ಹಾಗೆ ಹೊಂದಿಸಿದೆ. ನೋಡುವವರಿಗೆ ಎರಡೂ ತಡವಾಗಿ ಬಂದರೂ ಅಡ್ಡಿಯಿಲ್ಲ, ಜೊತೆಯಲ್ಲಿ ಬಂದರೆ ಸಾಕು. ಆದರೆ ಆ ತಡೆದ ದನಿಯನ್ನೇ ನಿಮ್ಮ ಮುಂದಿನ ಸ್ಪೀಕರಿಗೂ ಕೊಟ್ಟೆ. ನಿಮಗೆ ತಡೆಯದ ದನಿ ಬೇರೆ ಕೊಡಬೇಕಿತ್ತು. ನಿಮ್ಮ ಮಡಿಲಲ್ಲಿ ಕೂತು ಈ ಹಾಡು ಕೇಳಿ ಬೆಳೆದವಳು ನಾನು. ಬೇರೆ ಯಾರಿಗಾದರೂ ಗೊತ್ತಿಲ್ಲ ಅನ್ನಬಹುದು, ನನಗೆ ಗೊತ್ತಿತ್ತು. ಕಣ್ಣಿಗೆ ಹೊಂದಿಸುವ ಗಡಿಬಿಡಿಯಲ್ಲಿ ಕಿವಿಯನ್ನು ಮರೆತೆ.

ಎಲ್ಲ ಕೂಡಿ ಎರಡು ಸೆಕೆಂಡಿನ ಹತ್ತಿರ ಆಗಿತ್ತು.

ಕತ್ತರಿಸಿ ತೆಗೆಯುವುದು ಕಷ್ಟವಲ್ಲ. ಸ್ವಲ್ಪ ದಿನ ಬಿಡಿ. ಅದಕ್ಕೆ ಮೊದಲು ಸಣ್ಣತ್ತೆಯೊಂದಿಗೆ ಒಮ್ಮೆ ಮಾತಾಡಿ ದೊಡ್ಡತ್ತೆ. ತಡ ಮಾಡಬೇಡಿ.

ನಿಮ್ಮ
ಸ್ವಪ್ನಾ

*

ಕಾರ್ಗಲ್
೩ ಜೂನ್ ೨೦೨೫

ಸ್ವಪ್ನಾ,

ನೀನು ಬರೆದದ್ದನ್ನು ನಂಬಲಿಲ್ಲ. ಸಣ್ಣತ್ತೆ ಮೇಲಿನ ಮೋಹಕ್ಕೆ ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನಿನ್ನ ಮಾವನಿಗೆ ಓದಿ ಹೇಳಿದೆ. ಮೂವತ್ತು ವರ್ಷ ಲಿಂಗನಮಕ್ಕಿ ಡ್ಯಾಮಿನ ಕೆಲಸ ಮಾಡಿದ ಕೆರಿಯಪ್ಪನವರು ಎಲ್ಲ ಕೇಳಿ, "ನೀರು ಬಿಟ್ಟ ಕೂಡ್ಲೆ ಕೆಳಗಿನ ಊರಿಗೆ ಮುಟ್ತದೇನೆ? ಹಂಗೇ ಇರಬೋದು" ಅಂದರು. "ದನಿ ಎಂತ ನೀರಾ?" ಅಂತ ಅವರಿಗೂ ಬೈದೆ.

ಹೋದ ವಾರ ಹೊನ್ನೆಮರಡಿನಲ್ಲಿ ನಿನ್ನ ಮಾವನ ಸ್ನೇಹಿತ ಹೂವಯ್ಯಣ್ಣನ ಮನೆಗೆ ಹೋಗಿದ್ದೆವು. ಹಿನ್ನೀರು ಇಳಿದಿದೆ, ಆದರೂ ಆಚೆ ದಡ ಸುಮಾರು ದೂರ. ಅಲ್ಲೊಬ್ಬ ಒಣಮರ ಕಡಿಯುತ್ತಿದ್ದ. ಕೊಡಲಿ ಮರಕ್ಕೆ ಬಿತ್ತು, ಸದ್ದಿಲ್ಲ. ಅವನು ಕೊಡಲಿಯನ್ನು ತಲೆಯ ಮೇಲೆ ಎತ್ತಿದಾಗ ಠಕ್ ಅಂತ ಬಂತು. ಗಾಳಿಗೆ ಕಡಿಯುತ್ತಿದ್ದಾನೋ ಎಂಬ ಹಾಗೆ. ಎಷ್ಟೋ ವರ್ಷದಿಂದ ಆ ನೀರು ನೋಡಿದವಳು, ಇದನ್ನು ನೋಡಿರಲಿಲ್ಲ. ನೋಡಿದ್ದರೂ ಲಕ್ಷ್ಯ ಕೊಟ್ಟಿರಲಿಲ್ಲ. ಕಾಫಿ ಆರಿ ಹೋಗುವವರೆಗೆ ನೋಡುತ್ತ ಕೂತೆ. ಅವನು ತಪ್ಪದೆ ಕಡಿಯುತ್ತಿದ್ದ. ನನಗೆ ಮುಟ್ಟುವಾಗ ಮಾತ್ರ ತಪ್ಪುತ್ತಿತ್ತು.

ಮನೆಗೆ ಬಂದು, ಮರುದಿನ ಬೆಳಿಗ್ಗೆಯೇ ವೆಂಕಿಗೆ ಫೋನು ಮಾಡಿದೆ. ಅವಳ ಮಗ ರವಿಶಂಕರ ಎತ್ತಿದ.

"ಅಮ್ಮ ಮಲಗಿದಾಳೆ ದೊಡ್ಡಮ್ಮ."

"ಬೆಳಿಗ್ಗೆ ಹತ್ತು ಗಂಟೆಗೆ ಎಂತ ಮಲಗೋದಾ? ಎಬ್ಸು."

"ಆಮೇಲೆ ಮಾಡಿಸ್ತೀನಿ."

ಮಾಡಿಸಲಿಲ್ಲ. ಮಾರನೇ ದಿನ ಮಾಡಿದರೆ ಆಗಲೂ ಮಲಗಿದ್ದಾಳೆ. ಮೂರನೇ ದಿನವೂ. ಹುಟ್ಟಿದಾಗಿನಿಂದ ಕೋಳಿಗಿಂತ ಮೊದಲು ಎದ್ದ ಹೆಂಗಸು ಅವಳು. ನನ್ನ ಮೇಲಿನ ಸಿಟ್ಟಿಗೆ ಮಗನ ಹತ್ತಿರ ಸುಳ್ಳು ಹೇಳಿಸುತ್ತಿದ್ದಾಳೆ. ಹೇಳಿಸಲಿ, ಅದಕ್ಕೆ ಹಕ್ಕಿದೆ. ಆದರೆ ಎಷ್ಟು ದಿನ ಎಂದು ಕೇಳಿ ಬರೆ. ನಿನ್ನೊಂದಿಗೆ ಮಾತಾಡುತ್ತಾಳೆ, ನನಗೆ ಗೊತ್ತು.

ಮೂಕಮ್ಮ

*

ಹೊಸನಗರ
೨೦ ಜೂನ್ ೨೦೨೫

ದೊಡ್ಡತ್ತೆಗೆ,

ಕೂತುಕೊಂಡು ಓದಿ. ಮಾವ ಪಕ್ಕದಲ್ಲಿರಲಿ.

ಸಣ್ಣತ್ತೆ ಸಿಟ್ಟು ಮಾಡಿಕೊಂಡಿಲ್ಲ. ಗಂಟಲಲ್ಲಿ ಗಡ್ಡೆ ಇತ್ತು, ದನಿ ಕೇಳಿದರೆ ನಿಮಗೆ ಗೊತ್ತಾಗುತ್ತದೆ ಎಂದು ಫೋನಿಗೆ ಬರಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತನೇ ತಾರೀಖು ಆಪರೇಷನ್ ಆಯಿತು. ಜೀವಕ್ಕೆ ಈಗ ಭಯವಿಲ್ಲ ಎಂದಿದ್ದಾರೆ. ಆದರೆ ದನಿ ಬರುವ ಜಾಗವನ್ನೇ ಪೂರ್ತಿ ತೆಗೆದಿದ್ದಾರೆ. ಕುತ್ತಿಗೆಯಲ್ಲಿ ತೂತು ಮಾಡಿದ್ದಾರೆ, ಉಸಿರು ಅಲ್ಲಿಂದ. ಬಾಯಿ ಆಡುತ್ತದೆ, ದನಿ ಬರುವುದಿಲ್ಲ. ಇನ್ನು ಬರುವುದೂ ಇಲ್ಲ.

ಮದುವೆಗೆ ಹದಿನೈದು ದಿನ ಮೊದಲೇ ಗೊತ್ತಾಗಿತ್ತು. ಮಂಡಿನೋವು ಎಂದದ್ದು ಸುಳ್ಳು. ದಾರಿಯಲ್ಲಿ ಉಸಿರು ಕಟ್ಟಿದರೆ ಕಷ್ಟ, ಪ್ರಯಾಣ ಬೇಡ ಎಂದಿದ್ದರು ಡಾಕ್ಟರು. ಹಾಡುವುದೂ ಬೇಡ ಎಂದಿದ್ದರು. ಸಣ್ಣತ್ತೆ ನನಗೆ ಫೋನು ಮಾಡಿ, "ಸ್ವಪ್ನಾ, ಇದೊಂದು ಹಸೆಹಾಡು ಹೇಳ್ಬಿಡ್ತೀನಿ ಕಣೆ. ಹೆಂಗಾದ್ರೂ ಮಾಡು. ಅಕ್ಕಂಗೆ ಮಾತ್ರ ಹೇಳ್ಬೇಡ, ಮದ್ವೆ ಮನೇಲಿ ಅಳ್ತಾಳೆ. ಅತ್ರೆ ಸೊಲ್ಲು ಹರೀತದೆ" ಅಂದರು. ಲೈವ್‌ನಲ್ಲಿ ಹಾಡಿಸುವ ಯೋಚನೆ ನನ್ನದಲ್ಲ, ಅವರದ್ದು.

ಆಣೆ ಹಾಕಿಸಿಕೊಂಡಿದ್ದರು. ಆಪರೇಷನ್ ಮುಗಿಯಿತಲ್ಲ, ಇನ್ನು ಹೇಳಬಹುದು ಎಂದುಕೊಂಡೆ. ಮೊದಲೇ ಹೇಳಬೇಕಿತ್ತೋ ಏನೋ.

ನಾನು ಮಾಡಿದ್ದು ಎರಡು ಸೆಕೆಂಡಿನ ತಪ್ಪು. ಪ್ರತಿದಿನ ಲೆಕ್ಕ ಹಾಕುತ್ತೇನೆ, ಯಾವ ಗುಂಡಿ ಒತ್ತಿದ್ದರೆ ಸರಿಯಾಗುತ್ತಿತ್ತು ಎಂದು. ಒಂದೇ ಗುಂಡಿ ದೊಡ್ಡತ್ತೆ.

ಸ್ವಪ್ನಾ

*

ಕಾರ್ಗಲ್
೧೧ ಜುಲೈ ೨೦೨೫

ವೆಂಕಿ,

ಇಪ್ಪತ್ತು ದಿನದಿಂದ ಬರೆದು ಹರಿಯುತ್ತಿದ್ದೇನೆ. ಇದನ್ನು ಹರಿಯುವುದಿಲ್ಲ.

ನನಗೆ ಹೇಳಬೇಕಿತ್ತು ನೀನು. ಅಕ್ಕ ಅಳುತ್ತಾಳೆ ಎಂದು ನೀನೇ ತೀರ್ಮಾನ ಮಾಡಿದೆಯಾ? ನಾನು ಯಾವಾಗ ಅತ್ತಿದ್ದೇನೆ? ಅಮ್ಮ ಸತ್ತಾಗಲೂ ಒಲೆ ಹಚ್ಚಿ ಬಂದವರಿಗೆಲ್ಲ ಕಾಫಿ ಕೊಟ್ಟವಳು ನಾನು. ಹೇಳಿದ್ದರೆ ತೀರ್ಥಹಳ್ಳಿಗೇ ಬಂದು ನಿನ್ನ ಪಕ್ಕ ಕೂತು ಹಾಡುತ್ತಿದ್ದೆ. ಅಜ್ಜಿ ಛತ್ರದಲ್ಲಿ ಇರಲೇಬೇಕೆಂದು ಶಾಸ್ತ್ರವಿಲ್ಲ. ನಮ್ಮಿಬ್ಬರನ್ನೂ ಸ್ವಪ್ನಾ ಅಲ್ಲಿಂದಲೇ ಕಳಿಸುತ್ತಿದ್ದಳು, ಒಟ್ಟಿಗೆ.

ಇಷ್ಟು ಬರೆದು ಓದಿದರೆ ಇದೂ ಬೈಗುಳವೇ ಆಗಿದೆ.

ನಾನು ಅವತ್ತು ಅಂದ ಮಾತು ನಿನಗೆ ನೆನಪಿದೆ. ನನಗೂ ಇದೆ. ಇನ್ನೊಮ್ಮೆ ಇಲ್ಲಿ ಬರೆಯಲಾರೆ. ಸಾರು ಕುದಿಯುವಾಗ ನೆನಪಾಗುತ್ತದೆ, ಬಟ್ಟೆ ಹಿಂಡುವಾಗ ನೆನಪಾಗುತ್ತದೆ. ಲೋಕದಲ್ಲಿ ಬೇರೆ ನೂರು ಬೈಗುಳ ಇದ್ದವು. ಅದೇ ಯಾಕೆ ಬಂತು ಬಾಯಿಗೆ?

ಬರಲಾ?

ಮೂಕಿ

*

ತೀರ್ಥಹಳ್ಳಿ
೩೦ ಜುಲೈ ೨೦೨೫

ಅಕ್ಕಾ,

ನಿನ್ನ ಕಾಗದ ರವಿಶಂಕರ ಓದಿ ಹೇಳಲು ಬಂದ. ನಾನೇ ಓದುತ್ತೇನೆ ಎಂದು ಕಿತ್ತುಕೊಂಡೆ. ಕೈಯಿಂದ ಕಿತ್ತುಕೊಳ್ಳುವುದೇ ಈಗ ನನ್ನ ಮಾತು.

ಈಗ ಬರಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ನೀನು ಬಂದರೆ ಮಾತಾಡುತ್ತೀಯ. ನಾನು ಸ್ಲೇಟಿನ ಮೇಲೆ ಉತ್ತರ ಬರೆಯುವಷ್ಟರಲ್ಲಿ ನೀನು ಮುಂದಿನ ಎರಡು ಮಾತು ಆಡಿ, ಉತ್ತರ ಬರಲಿಲ್ಲ ಎಂದು ಬೇಜಾರಾಗಿ ಅಡುಗೆ ಮನೆಗೆ ಹೋಗಿರುತ್ತೀಯ. ಎಲ್ಲರೂ ಹಾಗೇ ಮಾಡುತ್ತಾರೆ. ಬರೆದ ಸ್ಲೇಟು ಹಿಡಿದುಕೊಂಡು ಕೂತಿರುತ್ತೇನೆ, ಮಾತು ಆಗಲೇ ಬೇರೆ ಕಡೆ ಹೋಗಿರುತ್ತದೆ. ಉಳಿದವರಾದರೆ ಸಹಿಸಿಕೊಳ್ಳುತ್ತೇನೆ. ನೀನು ಹಾಗೆ ಮಾಡಿದರೆ ಸಹಿಸಲಾರೆ.

ಒಂದು ವಿಷಯ ನಿನಗೆ ಗೊತ್ತಿಲ್ಲ. ಅವತ್ತು ನನಗೂ ನಿನ್ನ ಸೊಲ್ಲು ತಡವಾಗಿಯೇ ಬರುತ್ತಿತ್ತು. ನಾನು ಹಿಡಿದು ಮುಗಿಸಿ ಕಾಯುತ್ತಿದ್ದೆ, ನೀನು ಎತ್ತುತ್ತಿರಲಿಲ್ಲ. ಅಕ್ಕನಿಗೆ ವಯಸ್ಸಾಯಿತು, ಉಸಿರು ಸಾಲುತ್ತಿಲ್ಲ, ಪಾಪ ಎಂದುಕೊಂಡೆ. ನಿನಗೆ ಸುಲಭವಾಗಲಿ ಎಂದು ನಾನೇ ಎಳೆದು ಎಳೆದು ಹೇಳಿದೆ. ನಿನಗೆ ಅದು ನನ್ನ ಸೋಮಾರಿತನದ ಹಾಗೆ ಕಂಡಿರಬೇಕು. ನಾನು ನಿನ್ನನ್ನು ಕಾಯುತ್ತಿದ್ದೆ, ನೀನು ನನ್ನನ್ನು ಕಾಯುತ್ತಿದ್ದೆ.

ನೀನು ಅಂದ ಮಾತಿಗೆ ಅತ್ತೆ, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚು ಅತ್ತದ್ದು ಹಾಡು ಅರ್ಧಕ್ಕೆ ನಿಂತದ್ದಕ್ಕೆ. ಐದು ಹಿಂಸೊಲ್ಲು ಹೇಳಿದ್ದೆ, ಇನ್ನು ಏಳು ಉಳಿದಿದ್ದವು. ಹೇಳದೆ ಹೋದವು ಈಗ ಎಲ್ಲಿವೆಯೋ. ತಲೆಯಲ್ಲಿ ಹಾಡುತ್ತೇನೆ, ಅಲ್ಲಿ ದನಿ ಒಡೆದಿಲ್ಲ.

ಸ್ವಪ್ನಾಳಿಗೆ ಬೈಯಬೇಡ. ಅವಳು ಬರುವಾಗಲೆಲ್ಲ ಬಾಗಿಲ ಹತ್ತಿರವೇ ನಿಂತಿರುತ್ತಾಳೆ.

ನಿನ್ನ
ವೆಂಕಿ

*

ಹೊಸನಗರ
೧೬ ಆಗಸ್ಟ್ ೨೦೨೫

ದೊಡ್ಡತ್ತೆಗೆ,

ನೀವು ಕೇಳದ ಒಂದು ಕೆಲಸ ಮಾಡಿದ್ದೇನೆ. ಮದುವೆಯ ದಿನ ಸಣ್ಣತ್ತೆಯ ಮನೆಯಲ್ಲೂ ಒಂದು ಫೋನಿನಲ್ಲಿ ರೆಕಾರ್ಡ್ ಮಾಡಲು ರವಿಶಂಕರಣ್ಣನಿಗೆ ಹೇಳಿದ್ದೆ, ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಎಂದು. ಆ ಫೋನಿನಲ್ಲಿ ಅವರ ದನಿ ಹೊರಟ ಜಾಗದಲ್ಲೇ ಇದೆ, ಎಲ್ಲೂ ತಡವಾಗದೆ. ನಿಮ್ಮದು ನನ್ನ ಹತ್ತಿರ ಛತ್ರದಲ್ಲಿದೆ. ದಾರಿಯಲ್ಲಾದ ತಡವನ್ನು ಕಳೆದು ಎರಡನ್ನೂ ಜೋಡಿಸಿದೆ.

ಮೊದಲ ಎರಡು ಸೊಲ್ಲು ಕೂಡಿಕೊಂಡವು ದೊಡ್ಡತ್ತೆ. ನಿಮ್ಮ ಬಾಲ ಮುಗಿಯುವ ಮೊದಲೇ ಸಣ್ಣತ್ತೆ ಹಿಡಿಯುತ್ತಾರೆ. ನಾನು ಚಿಕ್ಕವಳಿದ್ದಾಗ ಕೇಳಿದ ಹಾಗೆಯೇ. ಅಂಗಡಿ ಬಾಗಿಲು ಹಾಕಿಕೊಂಡು ಎಷ್ಟು ಸಲ ಕೇಳಿದೆನೋ.

ಮೂರನೆಯದರಿಂದ ಆಗುವುದಿಲ್ಲ. ಅಲ್ಲಿಂದ ಒಬ್ಬರನ್ನೊಬ್ಬರು ಕಾಯುತ್ತ ನಿಧಾನ ಮಾಡಲು ಶುರು ಮಾಡಿದ್ದೀರಿ. ಆ ಎಳೆತ ದಾರಿಯಲ್ಲಿ ಆದದ್ದಲ್ಲ, ದನಿಯ ಒಳಗೇ ಇದೆ. ಯಾವ ಯಂತ್ರವೂ ಅದನ್ನು ತೆಗೆಯಲಾರದು.

ಇನ್ನೊಂದು ಇದೆ. ಹೇಳಬೇಕೋ ಬೇಡವೋ ಎಂದು ವಾರಗಟ್ಟಲೆ ಯೋಚಿಸಿದೆ. ನೀವು ಅವತ್ತು ಆ ಮಾತು ಅಂದ ಗಳಿಗೆಗೆ ಅದು ಸಣ್ಣತ್ತೆಗೆ ಮುಟ್ಟಿರಲಿಲ್ಲ, ದಾರಿಯಲ್ಲಿತ್ತು. ಛತ್ರದಲ್ಲಿ ಎಲ್ಲರೂ ತಲೆ ತಗ್ಗಿಸಿದ್ದರು. ಆ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ಅವರು ಇನ್ನೂ ಐದನೇ ಸೊಲ್ಲು ಹಾಡುತ್ತಿದ್ದರು. ಆ ಫೋನಿನಲ್ಲಿ ಅದು ಚೆನ್ನಾಗಿ ಕೇಳುತ್ತದೆ. ಒಡಕು ಅಷ್ಟಿಲ್ಲ. ಬಾಲವನ್ನು ಎತ್ತರಕ್ಕೆ ಒಯ್ದು ಬಿಡುವುದರೊಳಗೆ ನಿಮ್ಮ ಮಾತು ಅಲ್ಲಿಗೆ ಮುಟ್ಟುತ್ತದೆ. ಆಮೇಲೆ ಏನೂ ಇಲ್ಲ, ಫ್ಯಾನಿನ ಸದ್ದು ಬಿಟ್ಟು.

ನಿಮ್ಮ ಮಾತನ್ನು ಕತ್ತರಿಸಿ ಆ ಸೊಲ್ಲು ಉಳಿಸಬಹುದು. ಉಳಿದ ಏಳು ಹಿಂಸೊಲ್ಲುಗಳನ್ನು ನೀವು ಸಣ್ಣತ್ತೆಯಿಂದ ಬರೆಸಿಕೊಂಡು, ನೀವೇ ಎರಡೂ ಪಾಲು ಹಾಡಿ ಕಳಿಸಿದರೆ ಹಾಡು ಪೂರ್ತಿಯಾಗುತ್ತದೆ. ಲಿಖಿತಾಳೂ ವಿಡಿಯೋ ಯಾವಾಗ ಎಂದು ಕೇಳುತ್ತಿದ್ದಾಳೆ. ಏನು ಮಾಡಲಿ?

ಸ್ವಪ್ನಾ

*

ತೀರ್ಥಹಳ್ಳಿ
೧೪ ಸೆಪ್ಟೆಂಬರ್ ೨೦೨೫

ಸ್ವಪ್ನಾ,

ಮೇಲೆ ಊರಿನ ಹೆಸರು ನೋಡಿದೆಯಲ್ಲ. ಬರಬೇಡ ಎಂದಿದ್ದಳು. ಒಂದು ತಿಂಗಳು ಕೇಳಿದೆ, ಆಮೇಲೆ ಕೇಳಲಿಲ್ಲ. ಬಂದು ಹನ್ನೆರಡು ದಿನವಾಯಿತು.

ಮೊದಲ ದಿನ ಬಾಗಿಲಲ್ಲಿ ನಿಂತು, "ವೆಂಕಿ, ತಪ್ಪಾಯ್ತು ಕಣೆ" ಅಂದೆ. ಕಿವಿಗೆ ಕೈ ಇಟ್ಟು, ಕೇಳಲಿಲ್ಲ ಎಂದು ತಲೆ ಆಡಿಸಿದಳು. ಇನ್ನೊಮ್ಮೆ ಅಂದೆ. ಮತ್ತೆ ಕೈ ಇಟ್ಟಳು. ಮೂರನೇ ಸಲ ಕೂಗಿ ಹೇಳಿದೆ, ಪಕ್ಕದ ಮನೆಯವರು ಇಣುಕಿದರು. ಆಗ ರವಿಶಂಕರ ನಗುತ್ತ, "ಅಮ್ಮನ ಕಿವಿಗೆ ಎಂತ ಆಗಿಲ್ಲ ದೊಡ್ಡಮ್ಮ, ಹೇಳಿಸ್ತಿದಾಳೆ ಅಷ್ಟೆ" ಅಂದ. ಅವಳ ಹೆಗಲು ಕುಲುಕಾಡುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ, ದನಿ ಇಲ್ಲದೆ ಗೊತ್ತಾಗಲಿಲ್ಲ. ನನಗೆ ಗೊತ್ತಾಗಲಿಲ್ಲವಲ್ಲ ಎಂದು ನಾನು ಅತ್ತೆ. ಯಾರಿಗೂ ಹೇಳಬೇಡ.

ಈಗ ಅವಳು ಸ್ಲೇಟು ಎತ್ತಿದ ಕೂಡಲೆ ನಾನು ಬಾಯಿ ಮುಚ್ಚುತ್ತೇನೆ. ಅರವತ್ತೆಂಟು ವರ್ಷದಲ್ಲಿ ಕಲಿಯದ ವಿದ್ಯೆ. ಮೊದಲೆರಡು ದಿನ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಅವಳ ಅಕ್ಷರ ದೊಡ್ಡದು, ನಿಧಾನ. ಅವಳು ಬರೆದು ಮುಗಿಸಿ ಸ್ಲೇಟು ತಿರುಗಿಸುವವರೆಗೆ ಬೇರೇನೂ ಯೋಚನೆ ಮಾಡುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ನನ್ನ ಮಾತನ್ನು ಕತ್ತರಿಸಬೇಡ. ಮೇ ತಿಂಗಳಲ್ಲಿ ಕತ್ತರಿಸು ಅಂದವಳು ನಾನೇ, ಈಗ ಬೇಡ ಅನ್ನುವವಳೂ ನಾನೇ. ಅಂದದ್ದು ಅಂದದ್ದೇ. ಅದನ್ನು ತೆಗೆದರೆ ವೆಂಕಿ ಯಾಕೆ ನಿಲ್ಲಿಸಿದಳು ಎಂದು ನಾಳೆ ಕೇಳುವವರಿಗೆ ಗೊತ್ತಾಗುವುದಿಲ್ಲ. ಅವಳೇ ಮರೆತಳು ಎಂದುಕೊಳ್ಳುತ್ತಾರೆ.

ಏಳು ಹಿಂಸೊಲ್ಲನ್ನೂ ಬರೆಸಿಕೊಂಡಿದ್ದೇನೆ, ಹಾಳೆ ಇದರೊಳಗಿದೆ. ಎಂಥ ಮಾತುಗಳು ಸ್ವಪ್ನಾ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ, ಅವಳು ಹೇಳುವಾಗ ನನ್ನ ಮುಂದಿನ ಸೊಲ್ಲು ನೆನಪು ಮಾಡಿಕೊಳ್ಳುತ್ತಿದ್ದೆ, ಒಂದನ್ನೂ ನೆಟ್ಟಗೆ ಕೇಳಿರಲಿಲ್ಲ.

ಆದರೆ ಅವಳ ಪಾಲನ್ನು ನಾನು ಹಾಡುವುದಿಲ್ಲ. ನಿನ್ನೆ ರವಿಶಂಕರನ ಫೋನಿನಲ್ಲಿ ವಿಡಿಯೋ ಮಾಡಿಸಿದೆವು, ಮೊದಲಿನಿಂದ ಕೊನೆಯವರೆಗೆ, ಹನ್ನೆರಡೂ ಸೊಲ್ಲು. ಒಂದೇ ಚಾಪೆಯ ಮೇಲೆ ಕೂತಿದ್ದೇವೆ. ನಾನು ಮುಂಸೊಲ್ಲು ಹೇಳಿ ನಿಲ್ಲಿಸುತ್ತೇನೆ. ಅವಳು ಹಿಂಸೊಲ್ಲಿಗೆ ಬಾಯಿ ಆಡಿಸುತ್ತಾಳೆ. ಅವಳ ಬಾಯಿ ನಿಂತ ಮೇಲೆ ನಾನು ಎತ್ತುತ್ತೇನೆ. ಇದನ್ನು ಲಿಖಿತಾಳಿಗೆ ಕಳಿಸು.

ಯಾವ ತುಂಡನ್ನೂ ಹತ್ತಿರಕ್ಕೆ ಎಳೆಯಬೇಡ. ನಡುನಡುವೆ ಸದ್ದಿಲ್ಲವೆಂದು ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡ. ನಾನು ಗಡಿಯಾರ ನೋಡಿಲ್ಲ, ಅವಳ ಮುಖ ನೋಡಿದ್ದೇನೆ. ಅವಳಿಗೆ ಅಷ್ಟು ಹೊತ್ತು ಬೇಕು.

ನಿನ್ನ ದೊಡ್ಡತ್ತೆ
ಮೂಕಮ್ಮ